ಮಾಡೆಲಿಂಗ್ ಆಂಪ್ ಹದಗೊಳಿಸುವ ಬಗೆ

ಮಾಡೆಲಿಂಗ್ ಆಂಪ್ ಎಂದರೆ ಬೇರೆ ಬೇರೆ ಆಂಪ್‌ಗಳ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವ ಗಿಟಾರ್ ಆಂಪ್ಲಿಫೈಯರ್. ಅದರಲ್ಲಿ ಮೊದಲೇ ತುಂಬಿರುವ ಪ್ರೀಸೆಟ್‌ಗಳಲ್ಲಿ (ಸಿದ್ಧ ಹೊಂದಿಕೆಗಳಲ್ಲಿ) ರಿವರ್ಬ್ (ಅನುರಣನ), ಡಿಲೇ (ಪ್ರತಿಧ್ವನಿ) ಎಫೆಕ್ಟ್‌ಗಳು ಸಾಮಾನ್ಯವಾಗಿ ಅತಿಯಾಗಿರುವುದರಿಂದ, ನಾನು ಎಲ್ಲ ಎಫೆಕ್ಟ್‌ಗಳನ್ನೂ ಆಫ್ ಮಾಡಿ, ಟೋನ್ ನಾಬ್‌ಗಳನ್ನು ನಡುವಿಗೆ ತಂದು, ದನಿಗೆ ಒರಟುತನ ತರುವ ಗೇನ್ ಒಂದನ್ನೇ ನಿಧಾನವಾಗಿ ಏರಿಸುತ್ತೇನೆ. ತಂತಿಯನ್ನು ಮೆಲ್ಲಗೆ ಮೀಟಿದಾಗ ಸ್ವಚ್ಛವಾಗಿಯೂ ಬಲವಾಗಿ ಮೀಟಿದಾಗ ತುಸು ಒರಟಾಗಿಯೂ ನುಡಿಯುವ ಆ ಹದವೇ ನನಗೆ ಅತ್ಯಂತ ಪ್ರಿಯ.

ರಾತ್ರಿ ಹೆಡ್‌ಫೋನ್‌ನಲ್ಲಿ ಇಂಪಾಗಿದ್ದ ದನಿ ಮರುದಿನ ತಂಡದೊಡನೆ ಜೋರಾಗಿ ನುಡಿಸುವಾಗ ಬರೀ ಗುಂಯ್‌ಗುಟ್ಟಿದ್ದುಂಟು. ಸದ್ದು ತಗ್ಗಿದಾಗ ನಮ್ಮ ಕಿವಿಗೆ ಕೆಳಗಿನ ಆವರ್ತನಗಳು ಹೆಚ್ಚು ಕ್ಷೀಣವಾಗಿ ಕೇಳಿಸುವುದರಿಂದ, ಅರಿವಿಲ್ಲದೆಯೇ ಬಾಸ್ ಹೆಚ್ಚಿಸಿಬಿಡುತ್ತೇವೆ. ಆದ್ದರಿಂದ ನುಡಿಸಲಿರುವ ಮಟ್ಟದಲ್ಲಿಯೇ ದನಿಯನ್ನು ಹೊಂದಿಸಿ, ಮಿಡ್ ಅನ್ನು, ಅಂದರೆ ನಡುವಿನ ಆವರ್ತನಗಳನ್ನು, ಧೈರ್ಯವಾಗಿ ಉಳಿಸಿಕೊಳ್ಳಬೇಕು. ಇನ್ನು ಕ್ಯಾಬಿನೆಟ್ ಸಿಮ್ಯುಲೇಶನ್, ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ದನಿಯ ಅನುಕರಣೆ: ನೇರವಾಗಿ ರೆಕಾರ್ಡ್ ಮಾಡುವಾಗ ಅದು ಬೇಕೇಬೇಕು, ಗಿಟಾರ್ ಸ್ಪೀಕರ್‌ಗೆ ಜೋಡಿಸಿದಾಗ ಮಾತ್ರ ಆಫ್ ಮಾಡಿಡುವುದು ಒಳಿತು, ಇಲ್ಲವಾದರೆ ನಾದ ಮಂಕಾಗುತ್ತದೆ.