ಒಂದು ದಿನ ಸೈಕಲ್ ಹೊಡೆದರೆ ಏನಾಗುತ್ತೆ?

ವರ್ಷಕ್ಕೊಂದು ಭಾನುವಾರ ನಮ್ಮ ಬೀದಿಯಲ್ಲಿ ಕಾರು, ಬೈಕು ಓಡುವುದಿಲ್ಲ. ಸೈಕಲ್ಲು, ನಡಿಗೆ, ಬಸ್ಸು, ಹಳೇ ಸಾಮಾನಿನ ರಿಪೇರಿ, ಇವುಗಳದ್ದೇ ದಿನ. ಇದನ್ನು ನಡೆಸುವ ಗುಂಪಿನಲ್ಲಿ ನಾನೂ ಇದ್ದೇನೆ. ಹಾಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ: "ಒಂದು ದಿನ ಸೈಕಲ್ ಹೊಡೆದರೆ ಏನಾಗುತ್ತೆ? ಸೋಮವಾರ ಎಲ್ಲರೂ ಮತ್ತೆ ಕಾರು ತೆಗೀತಾರೆ, ಅಲ್ವಾ?"

ಹೌದು, ತೆಗೀತಾರೆ. ಬಹುಪಾಲು ಜನ ತೆಗೀತಾರೆ. ಇದನ್ನು ಮೊದಲೇ ಒಪ್ಪಿಕೊಂಡರೆ ಮಾತು ಮುಂದುವರಿಸುವುದು ಸುಲಭ.

ಆ ಒಂದು ದಿನ ಉಳಿದ ಹೊಗೆಯ ಲೆಕ್ಕ ಹಿಡಿದರಂತೂ ನಾನು ಸೋತ ಹಾಗೆಯೇ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. (ಲೀಟರ್ ಪೆಟ್ರೋಲೇ ಮುಕ್ಕಾಲು ಕಿಲೋ ತೂಗುವಾಗ ಎರಡು ಕಿಲೋ ಚಿಲ್ಲರೆ ಎಲ್ಲಿಂದ ಬಂತು ಅಂತ ಪ್ರತಿ ಸಲ ಯಾರಾದರೂ ಜಗಳಕ್ಕೆ ಬರುತ್ತಾರೆ. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿಕೊಳ್ಳುತ್ತದೆ. ಹೆಚ್ಚಿನ ತೂಕ ಆ ಆಮ್ಲಜನಕದ್ದು.) ಒಂದು ಬೀದಿಯ ಜನ ಒಂದು ಬೆಳಿಗ್ಗೆ ಉಳಿಸುವ ಪೆಟ್ರೋಲ್ ಎಷ್ಟು ಅಂತ ನೀವೇ ಊಹಿಸಿ. ಕಾರ್ಯಕ್ರಮಕ್ಕೆ ಮೇಜು, ಕುರ್ಚಿ ತಂದ ವಾಹನವೇ ಅದರಲ್ಲಿ ಒಂದು ಪಾಲು ತಿಂದಿರುತ್ತದೆ.

ಹಾಗಾದರೆ ಯಾಕೆ ಮಾಡುತ್ತೇವೆ? ಯಾವುದು ಜನರನ್ನು ತಡೆದು ನಿಲ್ಲಿಸಿದೆ ಅಂತ ಆ ದಿನ ಗೊತ್ತಾಗುತ್ತದೆ, ಅದಕ್ಕೆ. ಭೂಮಿ ಬಿಸಿಯಾಗುತ್ತಿದೆ ಅನ್ನುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ. ಆದರೂ ಎರಡು ಕಿಲೋಮೀಟರಿಗೆ ಕಾರು ತೆಗೆಯುತ್ತಾರೆ. ಆ ನಡುವೆ ಇರುವುದು ಹೆಚ್ಚಿನ ಸಲ ಬಹಳ ಸಣ್ಣ ಸಂಗತಿ.

ಇದು ನಮಗೆ ಮೊದಲ ವರ್ಷ ಗೊತ್ತಿರಲಿಲ್ಲ. ಎತ್ತರದ ವೇದಿಕೆ ಹಾಕಿಸಿದೆವು. ಮೈಕಿಗೆ ಕರೆಂಟು ಬೇಕು ಅಂತ ಡೀಸೆಲ್ ಜನರೇಟರ್ ತರಿಸಿದೆವು. ಅದರ ಗಲಾಟೆಯಲ್ಲಿ ಪರಿಸರದ ಭಾಷಣ ಕೇಳಿಸಲೇ ಇಲ್ಲ. ಮುಖ್ಯ ಅತಿಥಿ ಕಾರಿನಲ್ಲಿ ಬಂದರು, ಅವರನ್ನು ನೋಡಲು ಬಂದವರೂ ಕಾರಿನಲ್ಲೇ ಬಂದರು. ಪಕ್ಕದ ಬೀದಿಯಲ್ಲಿ ಪಾರ್ಕಿಂಗಿಗೆ ಜಗಳ ಆಯಿತು. ಕೊನೆಗೆ ಎಲ್ಲರ ಕೈಗೂ ಒಂದೊಂದು ಪ್ರತಿಜ್ಞೆಯ ಚೀಟಿ ಕೊಟ್ಟು ಸಹಿ ಹಾಕಿಸಿಕೊಂಡೆವು. ಆ ಚೀಟಿಗಳ ಕಟ್ಟು ಇನ್ನೂ ನಮ್ಮ ಮನೆಯ ಅಟ್ಟದ ಮೇಲಿದೆ. ಸಹಿ ಹಾಕಿದ ಒಬ್ಬರೂ ಆಮೇಲೆ ಬಸ್ಸು ಹತ್ತಿದ್ದನ್ನು ನಾನು ಕಾಣಲಿಲ್ಲ. ನಾನೂ ಸಹಿ ಹಾಕಿದ್ದೆ ಅನ್ನುವುದು ಬೇರೆ ಮಾತು.

ಮರುವರ್ಷ ವೇದಿಕೆ ತೆಗೆದುಹಾಕಿದೆವು. ಭಾಷಣ ಇಲ್ಲ, ಮೈಕು ಇಲ್ಲ. ಬಂದವರು ಏನನ್ನಾದರೂ ಕೈಯಾರೆ ಮಾಡಬೇಕು, ಅಷ್ಟೇ ನಿಯಮ.

ಎಲ್ಲಕ್ಕಿಂತ ಜಾಸ್ತಿ ಜನ ಸೇರಿದ್ದು ಸೈಕಲ್ ತಪಾಸಣೆಯ ಮೇಜಿನ ಮುಂದೆ. ಎಷ್ಟೋ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಒಂದು ಸೈಕಲ್ ಇರುತ್ತದೆ. ಯಾಕೆ ತೆಗೆಯುವುದಿಲ್ಲ ಅಂತ ಕೇಳಿದರೆ ಸಮಯ ಇಲ್ಲ, ಟ್ರಾಫಿಕ್ ಜಾಸ್ತಿ ಅನ್ನುತ್ತಾರೆ. ಸೈಕಲ್ ತಂದು ನಿಲ್ಲಿಸಿದಾಗ ನಿಜ ಗೊತ್ತಾಗುತ್ತದೆ. ಟೈರಿನಲ್ಲಿ ಗಾಳಿ ಇಲ್ಲ, ಚೈನಿಗೆ ತುಕ್ಕು ಹಿಡಿದಿದೆ, ಬ್ರೇಕ್ ರಬ್ಬರ್ ಸವೆದಿದೆ. ಇದಕ್ಕೆ ಬೇಕಾಗುವುದು ಒಂದು ಪಂಪು, ಎರಡು ಸ್ಪ್ಯಾನರ್, ಚೂರು ಎಣ್ಣೆ ಮತ್ತು ಕೈಗೆ ಮಸಿ ಆದರೂ ಬೇಸರ ಮಾಡದ ಇಬ್ಬರು. ಎಷ್ಟು ಗಾಳಿ ಹಾಕಬೇಕು ಅನ್ನುವುದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಅದನ್ನು ತೋರಿಸಿದಾಗ ಜನ ಬೆರಗಾಗುತ್ತಾರೆ, ವರ್ಷಗಟ್ಟಲೆ ಓಡಿಸಿದವರೂ.

ಸೀಟಿನ ಎತ್ತರದ್ದು ಇನ್ನೊಂದು ಕಥೆ. ದೊಡ್ಡವರು ಸೀಟನ್ನು ಪೂರ್ತಿ ಕೆಳಗಿಳಿಸಿ ಓಡಿಸುತ್ತಾರೆ, ಮಂಡಿ ನೋವು ಅಂತ ಬಿಟ್ಟುಬಿಡುತ್ತಾರೆ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅಷ್ಟು ಎತ್ತರ ಇದ್ದರೆ, ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಮಾತ್ರ ಮಡಚುತ್ತದೆ. ಎರಡು ನಿಮಿಷದ ಕೆಲಸ ಇದು. ಸೀಟು ಏರಿಸಿಕೊಂಡು ಒಂದು ಸುತ್ತು ಹೋಗಿ ಬಂದವರ ಮುಖ ನೀವು ನೋಡಬೇಕು.

ಎರಡನೆಯ ಮೇಜಿನಲ್ಲಿ ಇದ್ದದ್ದು ಒಂದು ನಕ್ಷೆ ಮಾತ್ರ. ಬೀದಿಯನ್ನು ನಡುವೆ ಇಟ್ಟು 1 ಕಿಲೋಮೀಟರಿಗೆ ಒಂದು ವೃತ್ತ, 3 ಕಿಲೋಮೀಟರಿಗೆ ಇನ್ನೊಂದು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ ಒಳಗಿನ ವೃತ್ತದ ಅಂಚಿಗೆ 12 ನಿಮಿಷ. ಆರಾಮವಾಗಿ 15ರ ವೇಗದಲ್ಲಿ ಸೈಕಲ್ ಹೊಡೆದರೆ ಹೊರಗಿನದರ ಅಂಚಿಗೂ 12 ನಿಮಿಷವೇ. ರಸ್ತೆ ಸುತ್ತು ಹಾಕುವುದರಿಂದ ಚೂರು ಹೆಚ್ಚಾಗಬಹುದು, ಇರಲಿ. ಕಳೆದ ವಾರ ಕಾರಿನಲ್ಲಿ ಹೋದ ಜಾಗಗಳಿಗೆಲ್ಲ ಚುಕ್ಕೆ ಇಡಿ ಅಂತ ಪೆನ್ನು ಕೊಟ್ಟೆವು. ಚುಕ್ಕೆಗಳೆಲ್ಲ ಒಳಗೇ ಬಿದ್ದವರು ಕಡಿಮೆ ಇರಲಿಲ್ಲ. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ, ಚುಕ್ಕೆಯೇ ಹೇಳಿತು.

ಈ ಸಣ್ಣ ದೂರದ ಓಡಾಟವೇ ಕೆಟ್ಟದ್ದು, ಗೊತ್ತಾ? ಕಾರಿನ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾಗದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಂಜಿನ್ನೂ ತಣ್ಣಗಿರುವಾಗ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಎಲ್ಲ ಬಿಸಿಯಾಗುವ ಹೊತ್ತಿಗೆ ನೀವು ತಲುಪಿ ಕೀಲಿ ತಿರುಗಿಸಿ ಇಳಿಯುತ್ತಿರುತ್ತೀರಿ.

ರಿಪೇರಿ ಮೇಜಿನ ಯೋಚನೆ ನಮ್ಮದಲ್ಲ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನೆ ಪೋಸ್ಟ್ಮಾ ಎಂಬುವರು ಶುರು ಮಾಡಿದ ರಿಪೇರಿ ಕೆಫೆಯಿಂದ ತೆಗೆದುಕೊಂಡದ್ದು. ಕೆಟ್ಟ ಲ್ಯಾಂಪು, ಹರಿದ ಚೀಲ, ಮಾತು ನಿಲ್ಲಿಸಿದ ರೇಡಿಯೊ ತರಬಹುದು. ಆದರೆ ಕೊಟ್ಟು ಹೋಗುವ ಹಾಗಿಲ್ಲ. ರಿಪೇರಿ ಮಾಡುವವರ ಪಕ್ಕದಲ್ಲಿ ಕೂತು ಕೈಜೋಡಿಸಬೇಕು. ಬಟ್ಟೆ, ಪುಸ್ತಕ ಬದಲಾಯಿಸಿಕೊಳ್ಳುವ ಮೇಜನ್ನೂ ಇಟ್ಟಿದ್ದೆವು. ಅದರಲ್ಲಿ ಒಂದೇ ಎಚ್ಚರಿಕೆ: ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಅದೂ ನಿಮ್ಮ ಅಟ್ಟಕ್ಕೇ ಬರುತ್ತದೆ.

ಬೀದಿ ಮುಚ್ಚುವುದಕ್ಕೆ ಅನುಮತಿ ಬೇಕೇ ಬೇಕು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಹೋಗುವಷ್ಟು ದಾರಿಯನ್ನು ಉದ್ದಕ್ಕೂ ಖಾಲಿ ಬಿಡಬೇಕು. ಮೇಜುಗಳನ್ನು ಒಂದೇ ಬದಿಗೆ ಹಾಕಿದರೆ ಅದು ಸಲೀಸು. ಕಾಗದಕ್ಕಿಂತ ಕಷ್ಟದ್ದು ಬೀದಿಯ ಮನೆ, ಅಂಗಡಿಗಳನ್ನು ಒಪ್ಪಿಸುವುದು. ಚೀಟಿ ಅಂಟಿಸಿ ಬಂದರೆ ಸಾಲದು, ಬಾಗಿಲು ತಟ್ಟಿ ಮಾತಾಡಬೇಕು. ನಡೆಯಲಾಗದ ಹಿರಿಯರಿರುವ ಮನೆ, ರಾತ್ರಿ ಪಾಳಿ ಮುಗಿಸಿ ಬರುವವರ ಮನೆ, ಇವು ಆಗಲೇ ಗೊತ್ತಾಗುವುದು. ಅವರ ಕಾರು ಒಳಗೆ ಬರಬೇಕು. ಕಾರು ಇಲ್ಲದೆ ಆಗದವರನ್ನು ತಪ್ಪಿತಸ್ಥರ ಹಾಗೆ ನೋಡುವ ಕಾರ್ಯಕ್ರಮ ನನಗಂತೂ ಬೇಡ.

"ಒಂದು ದಿನ" ಅಂತ ಮೂಗು ಮುರಿಯುವವರಿಗೆ ನಾನು ಬೊಗೊಟಾದ ಕಥೆ ಹೇಳುತ್ತೇನೆ. ಕೊಲಂಬಿಯಾದ ಆ ರಾಜಧಾನಿಯಲ್ಲಿ 1974ರ ಡಿಸೆಂಬರಿನ ಒಂದು ದಿನ ಸೈಕಲ್ ಪ್ರಿಯರು ಕೆಲವು ಗಂಟೆ ದೊಡ್ಡ ರಸ್ತೆಗಳನ್ನು ತಮ್ಮದಾಗಿಸಿಕೊಂಡರು. ಈಗ ಅಲ್ಲಿ ಪ್ರತಿ ಭಾನುವಾರ ಮತ್ತು ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರಿಗೂ ಜಾಸ್ತಿ ರಸ್ತೆ ಸೈಕಲ್ಲಿಗೆ, ನಡಿಗೆಗೆ ಬಿಟ್ಟುಕೊಡುತ್ತಾರೆ. ಅದರ ಹೆಸರು ಸಿಕ್ಲೋವಿಯಾ. 2000ದ ಫೆಬ್ರವರಿಯಲ್ಲಿ ಕೆಲಸದ ದಿನವೇ ಖಾಸಗಿ ಕಾರು ನಿಲ್ಲಿಸಿ ನೋಡಿದರು. ಅದೇ ವರ್ಷ ಮತ ಹಾಕಿಸಿ ಕೇಳಿದಾಗ ಜನ ಇದು ವರ್ಷ ವರ್ಷವೂ ಬೇಕು ಅಂದರು. ಹಾಗಂತ ಎಲ್ಲಕ್ಕೂ ಇದನ್ನೇ ಹೇಳಲು ಬರುವುದಿಲ್ಲ. ನೆದರ್ಲೆಂಡ್ಸಿನಲ್ಲಿ 1973ರಲ್ಲಿ ಕಾರಿಲ್ಲದ ಭಾನುವಾರಗಳು ಬಂದದ್ದು ತೈಲದ ಕೊರತೆಯಿಂದ. ಮಕ್ಕಳು ಅಪಘಾತದಲ್ಲಿ ಸಾಯುವುದನ್ನು ನಿಲ್ಲಿಸಿ ಅಂತ ಬೀದಿಗಿಳಿದ ಜನರ ಹೋರಾಟವೂ ಆಗಲೇ ನಡೆದಿತ್ತು. ಬರೀ ಭಾನುವಾರಗಳಿಂದ ಅಲ್ಲಿ ಸೈಕಲ್ ದಾರಿಗಳು ಬಂದವು ಅಂದರೆ ಸುಳ್ಳಾಗುತ್ತದೆ.

ದಿನಾಂಕಕ್ಕೆ ಸೆಪ್ಟೆಂಬರ್ 22ರ ವಿಶ್ವ ಕಾರು ರಹಿತ ದಿನವೋ, ಜೂನ್ 3ರ ವಿಶ್ವ ಸೈಕಲ್ ದಿನವೋ ಇದೆ. ಬೇಕಿದ್ದರೆ ಇಟ್ಟುಕೊಳ್ಳಿ. ಆದರೆ ಅವತ್ತು ಮಳೆಯೋ ಉರಿಬಿಸಿಲೋ ಇರುವುದಾದರೆ ಬೇರೆ ದಿನವೇ ವಾಸಿ.

ಈಗ ಸೋಮವಾರದ ಮಾತು. ಪ್ರತಿಜ್ಞೆಯ ಚೀಟಿಯ ಜಾಗದಲ್ಲಿ ಈಗ ಜೊತೆಗಾರರ ಪಟ್ಟಿ ಇದೆ. ಟ್ರಾಫಿಕ್ಕಿನಲ್ಲಿ ಒಬ್ಬರೇ ಹೋಗಲು ಹೆದರುವವರು ಹೆಸರು, ಹೋಗುವ ಜಾಗ, ಹೊರಡುವ ಹೊತ್ತು ಬರೆಯುತ್ತಾರೆ. ಆ ದಾರಿ ಗೊತ್ತಿರುವವರೊಬ್ಬರು ಮೊದಲ ವಾರ ಅವರ ಜೊತೆ ಹೋಗುತ್ತಾರೆ. ಬಸ್ಸಿಗೂ ಹಾಗೇ. ಯಾವ ನಂಬರಿನ ಬಸ್ಸು, ಎಲ್ಲಿ ಇಳಿಯಬೇಕು ಅಂತ ಗೊತ್ತಿಲ್ಲದೆಯೇ ಬಸ್ಸಿನಿಂದ ದೂರ ಉಳಿದವರಿದ್ದಾರೆ. ಒಮ್ಮೆ ಕರೆದುಕೊಂಡು ಹೋದರೆ ಸಾಕು.

ಒಂದು ತಿಂಗಳು ಬಿಟ್ಟು ಪಟ್ಟಿಯಲ್ಲಿರುವವರಿಗೆಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇವೆ: ಈ ವಾರ ಹೇಗೆ ಹೋದಿರಿ? ಅರ್ಧಕ್ಕಿಂತ ಜಾಸ್ತಿ ಜನ ಬಿಟ್ಟಿರುತ್ತಾರೆ. ಯಾಕೆ ಅಂತ ಕೇಳಿದಾಗ ಕಳೆದ ಸಲ ಮತ್ತೆ ಮತ್ತೆ ಬಂದ ಉತ್ತರ ಬಿಸಿಲೂ ಅಲ್ಲ, ಟ್ರಾಫಿಕ್ಕೂ ಅಲ್ಲ. ಕೆಲಸದ ಜಾಗದಲ್ಲಿ ಸೈಕಲ್ಲಿಗೆ ಬೀಗ ಹಾಕಿ ನಿಲ್ಲಿಸಲು ಸ್ಟ್ಯಾಂಡ್ ಇಲ್ಲ. ಗೇಟಿನಲ್ಲಿ ಕಾರಿಗೆ ಸಲಾಮು ಸಿಗುತ್ತದೆ, ಸೈಕಲ್ಲಿಗೆ "ಇಲ್ಲಿ ನಿಲ್ಲಿಸಬೇಡಿ" ಅನ್ನುವ ಮಾತು.

ಅದಕ್ಕೇ ಈ ಸಲ ಬೀದಿ ಮುಚ್ಚುವ ಅನುಮತಿ ಕೇಳುವ ಮೊದಲೇ ನಾವು ಮೂವರು ಹತ್ತಿರದ ಕಚೇರಿಗಳಿಗೆ ಹೋಗಿ ಬಂದೆವು. ಒಂದು ಕಾರು ನಿಲ್ಲುವ ಜಾಗದಲ್ಲಿ ಏಳೆಂಟು ಸೈಕಲ್ ಆರಾಮವಾಗಿ ನಿಲ್ಲುತ್ತವೆ, ಒಂದೇ ಒಂದು ಜಾಗ ಬಿಟ್ಟುಕೊಡಿ ಅಂದೆವು. ಒಂದು ಕಚೇರಿ ಒಪ್ಪಿದೆ. ಇನ್ನೆರಡು "ಯೋಚಿಸಿ ಹೇಳ್ತೀವಿ" ಅಂದಿವೆ. ಬರುವ ವಾರ ಮತ್ತೆ ಹೋಗಬೇಕು.