0 ಡಿಗ್ರಿಯಿಂದ ಕ್ರಮವಾಗಿ ಒತ್ತಿಸಿದ್ದೇ ತಪ್ಪಾಯಿತು

ಮಲ್ಪೆಯಲ್ಲಿ ಮೀನು ಕೊಳ್ಳುವಾಗ ಅಮ್ಮ ಬಂಗುಡೆಯ ಬೆನ್ನನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಾರೆ. ಗುಳಿ ಕೂಡಲೇ ಮುಚ್ಚಿಕೊಂಡರೆ ಮೀನು ತಾಜಾ. ಇಲ್ಲವಾದರೆ ಮುಂದಿನ ಬುಟ್ಟಿ. ಆ ಒಂದು ಒತ್ತಿನಲ್ಲಿ ಬೆರಳಿಗೆ ತಿಳಿಯುವುದನ್ನು ಯಂತ್ರಕ್ಕೆ ಕಲಿಸುವುದು ಉಡುಪಿಯಲ್ಲಿ ನನ್ನ ಸಂಶೋಧನೆಯ ಕೆಲಸ.

ನಾವು ಬಳಸುವುದು ಮೆತ್ತನೆಯ ರಬ್ಬರ್ ಬೆರಳತುದಿ, 2009ರಲ್ಲಿ ಬ್ರಿಸ್ಟಲ್‌ನಲ್ಲಿ ರೂಪುಗೊಂಡ ಟ್ಯಾಕ್‌ಟಿಪ್ ಮಾದರಿಯದು. ಒಳಮೈಯಲ್ಲಿ ಬಿಳಿ ತಲೆಯ ಸಣ್ಣ ಕಡ್ಡಿಗಳು, ಅವುಗಳ ಹಿಂದೆ ಕ್ಯಾಮೆರಾ. ತುದಿ ಏನನ್ನಾದರೂ ಮುಟ್ಟಿದರೆ ಕಡ್ಡಿಗಳು ವಾಲುತ್ತವೆ. ಮುಟ್ಟಿದ ವಸ್ತುವಿನ ಅಂಚು ಯಾವ ಕೋನದಲ್ಲಿದೆ ಎಂಬುದನ್ನು ಅದರಿಂದ ಲೆಕ್ಕ ಹಾಕಬೇಕು. ಕಲಿಸಲು ಸಾವಿರಾರು ಒತ್ತುಗಳ ಚಿತ್ರ ಬೇಕು. ನಮ್ಮ ಕೈ ಎರಡು ಸಲ ಒಂದೇ ಥರ ಒತ್ತುವುದಿಲ್ಲ. ಆರು ಕೀಲುಗಳ ಯುಆರ್5 ಎಂಬ ರೋಬೋಟ್ ತೋಳಾದರೆ ಅದೇ ಜಾಗಕ್ಕೆ ಮರಳುವಾಗ 0.1 ಮಿಲಿಮೀಟರಿಗಿಂತ ಆಚೀಚೆ ಆಗುವುದಿಲ್ಲ. ಅದನ್ನು ನಾನು ಕಣ್ಣುಮುಚ್ಚಿ ನಂಬಿದ್ದೆ.

ಮೊದಲ ದೊಡ್ಡ ಪ್ರಯೋಗದಲ್ಲಿ 0 ಡಿಗ್ರಿಯಿಂದ 175ರವರೆಗೆ ಐದೈದು ಡಿಗ್ರಿ ಏರಿಸುತ್ತಾ, ಪ್ರತಿ ಕೋನಕ್ಕೂ 100 ಸಲ ಒತ್ತಿಸಿದೆ. ಬೆಳಿಗ್ಗೆ ಹತ್ತಕ್ಕೆ ಹಿಡಿದ ಕೆಲಸ ಮುಗಿದದ್ದು ಮಧ್ಯಾಹ್ನ ಮೂರಕ್ಕೆ. ಆ ಚಿತ್ರಗಳಿಂದ ಪ್ರೋಗ್ರಾಮಿಗೆ ಕೋನ ಹೇಳಲು ಕಲಿಸಿ ಪರೀಕ್ಷಿಸಿದರೆ ತಪ್ಪಿನ ಪ್ರಮಾಣ ಒಂದು ಡಿಗ್ರಿಯೂ ಇರಲಿಲ್ಲ. ಸಂಭ್ರಮದಿಂದ ಮನೆಗೆ ಹೋದೆ. ಮರುದಿನ ಅದೇ ಅಂಚನ್ನು ಮುಟ್ಟಿಸಿದರೆ ಉತ್ತರ ಎಲ್ಲೆಲ್ಲಿಗೋ ಹೋಯಿತು. ಎರಡು ವಾರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ.

ಕೊನೆಗೆ ಮಾರ್ಗದರ್ಶಕರು, "ಏನನ್ನೂ ಮುಟ್ಟದೆ ಇದ್ದಾಗಿನ ಚಿತ್ರ ಉಂಟಲ್ಲ, ಅದನ್ನು ತೋರಿಸಿ, ನೋಡುವ" ಎಂದರು. ಬೆಳಗಿನದನ್ನೂ ಮಧ್ಯಾಹ್ನದ್ದನ್ನೂ ಪಕ್ಕಪಕ್ಕ ಇಟ್ಟೆವು. ಒಂದೇ ಜಾಗದಲ್ಲಿ ಇರಬೇಕಾದ ಕಡ್ಡಿಗಳಲ್ಲಿ ಬಲಬದಿಯವು ಮೂರು ಪಿಕ್ಸೆಲ್ ಸರಿದಿದ್ದವು. 3,600 ಒತ್ತು ತಿಂದು ರಬ್ಬರ್ ಸಡಿಲಗೊಂಡಿತ್ತು, ಒಳಗಿನ ದೀಪದ ಬಿಸಿಯೂ ಸೇರಿತ್ತು. ಕೋನ ಏರಿದಂತೆ ಗಂಟೆಯೂ ಏರಿದ್ದರಿಂದ ನನ್ನ ಪ್ರೋಗ್ರಾಂ ರಬ್ಬರಿನ ದಣಿವನ್ನು ನೋಡಿ ಕೋನ ಹೇಳುತ್ತಿತ್ತು. ಪರೀಕ್ಷೆಗೆಂದು ತೆಗೆದಿಟ್ಟ ಚಿತ್ರಗಳೂ ಅದೇ ದಿನದವು. ಅಲ್ಲಿ ತಪ್ಪು ಸಿಕ್ಕಿಬೀಳುವುದಾದರೂ ಹೇಗೆ? ಇಷ್ಟು ಸರಳವಾದದ್ದು ಹೊಳೆಯಲಿಲ್ಲವಲ್ಲ ಎಂದು ಆ ದಿನ ತುಂಬ ನೊಂದುಕೊಂಡೆ.

ಈಗ ಕೋನಗಳನ್ನು ಚೀಟಿ ಎತ್ತಿದಂತೆ ಕಲಸಿ ತೋಳಿಗೆ ಕೊಡುತ್ತೇನೆ. ಪ್ರತಿ ಒತ್ತಿಗೂ ಮೊದಲು ಮುಟ್ಟದ ಚಿತ್ರವೊಂದನ್ನು ತೆಗೆಯುತ್ತೇನೆ. ಪರೀಕ್ಷೆಗೆ ಬೇರೆ ದಿನದ ಚಿತ್ರಗಳೇ ಆಗಬೇಕು. ಹೊಸ ತುದಿ ಕೂರಿಸಿದ ದಿನ ಮೊದಲ 500 ಒತ್ತುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಬ್ಬರ್ ಪಳಗಲು ಅಷ್ಟು ಹೊತ್ತು ಬೇಕು.