ಸೊನ್ನೆ ಎಂದರೆ ಒಂದೇ
ನಿಗದಿತ ಸಮಯಕ್ಕೆ ಕೆಲಸಗಳನ್ನು ಚಾಲನೆಗೊಳಿಸುವ ಸಣ್ಣ ಶೆಡ್ಯೂಲರ್ ಒಂದನ್ನು ನಾನು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ. ಕೆಲಸಗಳೆಲ್ಲ ಒಂದು ಅರೇಲಿಸ್ಟ್‌ನಲ್ಲಿದ್ದವು. ಹೊಸದೊಂದು ಸೇರಿದಾಗಲೆಲ್ಲ ಇಡೀ ಪಟ್ಟಿಯನ್ನು ಮತ್ತೆ ಸಾರ್ಟ್ ಮಾಡಬೇಕಾಗುತ್ತಿತ್ತು. ಸದಾ ಕ್ರಮದಲ್ಲಿಯೇ ಇರುವ, ಒಂದೇ ವಸ್ತುವನ್ನು ಎರಡು ಬಾರಿ ಸೇರಿಸಿಕೊಳ್ಳದ ಟ್ರೀಸೆಟ್ ಇರುವಾಗ ಈ ಶ್ರಮವೇಕೆಂದು ಒಂದು ಬೆಳಿಗ್ಗೆ ಪಟ್ಟಿಯನ್ನು ತೆಗೆದು ಅದನ್ನು ಬಳಸಿದೆ. ಎರಡು ಕೆಲಸಗಳ ಸಮಯವನ್ನು ಹೋಲಿಸಿ, ಮೊದಲನೆಯದು ಚಿಕ್ಕದಾದರೆ ಋಣ, ದೊಡ್ಡದಾದರೆ ಧನ, ಸಮವಾದರೆ ಸೊನ್ನೆ ಎಂಬ ಉತ್ತರ ಕೊಡುವ ಒಂದು ಕಂಪೇರೇಟರ್ ಬರೆದದ್ದಷ್ಟೇ ಹೊಸ ಕೋಡ್.

ಪರೀಕ್ಷೆಗೆಂದು 40 ಕೆಲಸಗಳನ್ನು ಸೇರಿಸಿ ಎಣಿಸಿದರೆ 37 ಮಾತ್ರ ಇದ್ದವು. ದೋಷವನ್ನು ಸೂಚಿಸುವ ಎಕ್ಸೆಪ್ಷನ್ ಬಂದಿರಲಿಲ್ಲ, ಲಾಗ್‌ನಲ್ಲಿಯೂ ಏನೂ ಇರಲಿಲ್ಲ. ತಪ್ಪು, ಎರಡು ವಸ್ತುಗಳು ಸಮವೇ ಎಂದು ಹೇಳುವ ಈಕ್ವಲ್ಸ್ ಮೆಥಡ್‌ನಲ್ಲಿಯೇ ಇರಬೇಕೆಂದು ಬಗೆದು ಎರಡು ಗಂಟೆ ಅದನ್ನೇ ಕೆದಕಿದೆ. ಕೊನೆಗೆ ಆಡ್ ಮೆಥಡ್ ಹಿಂದಿರುಗಿಸುವ ಮೌಲ್ಯವನ್ನು ಮುದ್ರಿಸಿ ನೋಡಿದಾಗ ಮೂರು ಕಡೆ ಫಾಲ್ಸ್, ಅಂದರೆ ಸೇರಲಿಲ್ಲ, ಎಂದಿತ್ತು. ಆ ಮೂರೂ ಕೆಲಸಗಳ ಸಮಯವು ಆಗಲೇ ಒಳಗಿದ್ದ ಬೇರೆ ಕೆಲಸಗಳ ಸಮಯವೇ ಆಗಿತ್ತು.

ಟ್ರೀಸೆಟ್ ಎರಡು ವಸ್ತುಗಳು ಒಂದೇ ಹೌದೋ ಅಲ್ಲವೋ ಎಂಬುದನ್ನು ಈಕ್ವಲ್ಸ್ ಮೆಥಡ್‌ನಿಂದ ತಿಳಿಯುವುದೇ ಇಲ್ಲ. ಅದು ಕೇಳುವುದು ಕಂಪೇರೇಟರನ್ನು ಮಾತ್ರ. ಉತ್ತರ ಸೊನ್ನೆಯಾದರೆ ಎರಡೂ ಒಂದೇ ಎಂದು ತೀರ್ಮಾನಿಸಿ ಹೊಸದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದಶಮಾಂಶ ಸಂಖ್ಯೆಗಳಿಗಾಗಿ ಇರುವ ಜಾವಾದ ಬಿಗ್‌ಡೆಸಿಮಲ್‌ನಲ್ಲಿಯೂ ಇದನ್ನು ಕಾಣಬಹುದು: 2.0 ಮತ್ತು 2.00 ಎರಡನ್ನೂ ಈಕ್ವಲ್ಸ್ ಬಳಸುವ ಹ್ಯಾಶ್‌ಸೆಟ್‌ಗೆ ಹಾಕಿದರೆ ಎರಡೂ ಉಳಿಯುತ್ತವೆ, ಟ್ರೀಸೆಟ್‌ಗೆ ಹಾಕಿದರೆ ಒಂದೇ ಉಳಿಯುತ್ತದೆ. ಕಂಪೇರೇಟರನ್ನು ನಾವು ಸಾಮಾನ್ಯವಾಗಿ ಸಾರ್ಟ್ ಮಾಡುವ ಸಂದರ್ಭದಲ್ಲಿ ಕಲಿಯುತ್ತೇವೆ. ಅಲ್ಲಿ ಸೊನ್ನೆ ಎಂದರೆ ಯಾವುದು ಮೊದಲು ಬಂದರೂ ಆದೀತು ಎಂಬಷ್ಟೇ ಅರ್ಥ. ಇಲ್ಲಿಯಾದರೋ ಎರಡರಲ್ಲಿ ಒಂದಕ್ಕೆ ಜಾಗವೇ ಇಲ್ಲ ಎಂದರ್ಥ. ಈ ವ್ಯತ್ಯಾಸವನ್ನು ಕಲಿಸುವವರು ಮೊದಲ ಪಾಠದಲ್ಲಿಯೇ ಒತ್ತಿ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಮಯ ಒಂದೇ ಆದಾಗ ಕೆಲಸದ ಐಡಿಯನ್ನು ಹೋಲಿಸುವಂತೆ ಕಂಪೇರೇಟರಿಗೆ ಥೆನ್‌ಕಂಪೇರಿಂಗ್ ಸೇರಿಸಿದೆ. ಎಣಿಕೆ 40ಕ್ಕೆ ಬಂತು.

ಆದರೆ ಮಧ್ಯಾಹ್ನ ಮತ್ತೊಂದು ತೊಡಕು ಎದುರಾಯಿತು. ಕೆಲಸವೊಂದನ್ನು ಮುಂದೂಡಬೇಕಾದಾಗ ನನ್ನ ಹಳೆಯ ಕೋಡ್ ಅದರ ಸಮಯವನ್ನು ನೇರವಾಗಿ ಬದಲಿಸುತ್ತಿತ್ತು. ಹಾಗೆ ಬದಲಿಸಿದ ಕೆಲಸವನ್ನು ತೆಗೆಯಲು ಹೋದರೆ ರಿಮೂವ್ ಕೂಡ ಫಾಲ್ಸ್ ಎನ್ನುತ್ತಿತ್ತು. ಲೂಪ್ ಹಾಕಿ ನೋಡಿದರೆ ಅದೇ ವಸ್ತು ಕಣ್ಣೆದುರೇ ಇರುತ್ತಿತ್ತು. ನಂಬಿಕೆಯಾಗದೆ ಮೂರೇ ಅಂಶಗಳನ್ನಿಟ್ಟು ಕಾಗದದ ಮೇಲೆ ಬರೆದು ನೋಡಿದೆ. 10, 20, 30 ಎಂಬ ಕ್ರಮದಲ್ಲಿ ಸೇರಿಸಿದರೆ, ಟ್ರೀಸೆಟ್ ತನ್ನೊಳಗೆ ವಸ್ತುಗಳನ್ನು ಜೋಡಿಸಿಡುವ ಮರ ತನ್ನನ್ನು ಸರಿದೂಗಿಸಿಕೊಂಡು 20ನ್ನು ಬೇರಿನಲ್ಲಿ, ಅಂದರೆ ಹುಡುಕಾಟ ಶುರುವಾಗುವ ಜಾಗದಲ್ಲಿ, ಇಡುತ್ತದೆ, 10 ಎಡಕ್ಕೂ 30 ಬಲಕ್ಕೂ ಹೋಗುತ್ತವೆ. ಎಡಗಡೆಯ 10ನ್ನು ಅಲ್ಲಿಯೇ 40 ಎಂದು ತಿದ್ದಿ ಆಮೇಲೆ ಹುಡುಕಿದರೆ, 40 ಎಂಬುದು 20ಕ್ಕಿಂತ ದೊಡ್ಡದೆಂದು ಹುಡುಕಾಟ ಬಲಕ್ಕೆ ತಿರುಗುತ್ತದೆ, 30ಕ್ಕಿಂತಲೂ ದೊಡ್ಡದೆಂದು ಮತ್ತೆ ಬಲಕ್ಕೆ ಹೋಗಿ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ವಸ್ತು ಎಡಗಡೆ ಕುಳಿತೇ ಇರುತ್ತದೆ.

ಟ್ರೀಸೆಟ್‌ನ ಒಳಗಿರುವ ಕೆಂಪು-ಕಪ್ಪು ಮರದ ಶಕ್ತಿ ಇರುವುದೂ ಈ ಗುಣದಲ್ಲಿಯೇ. ಪ್ರತಿ ಹೆಜ್ಜೆಯಲ್ಲಿಯೂ ಒಂದು ಕಡೆಯನ್ನು ಪೂರ್ತಿ ಕೈಬಿಡುವುದರಿಂದ 10 ಲಕ್ಷ ವಸ್ತುಗಳ ನಡುವೆ ಒಂದನ್ನು ಹುಡುಕಲು 40 ಹೋಲಿಕೆಗಳೂ ಬೇಕಾಗುವುದಿಲ್ಲ. 1972ರಲ್ಲಿ ಗಣಕವಿಜ್ಞಾನಿ ರುಡಾಲ್ಫ್ ಬೇಯರ್ ಇದರ ಮೂಲರೂಪವನ್ನು ಕೊಟ್ಟರು. ಕೆಂಪು-ಕಪ್ಪು ಎಂಬ ಹೆಸರು 1978ರಲ್ಲಿ ಗೀಬಾಸ್ ಮತ್ತು ಸೆಜ್‌ವಿಕ್ ಅವರ ಪ್ರಬಂಧದಿಂದ ಬಂತು. ಕೈಬಿಟ್ಟ ಕಡೆಯನ್ನು ಮರ ಮತ್ತೆ ತಿರುಗಿ ನೋಡದು ಎಂದಮೇಲೆ, ಕ್ರಮವನ್ನು ನಿರ್ಧರಿಸುವ ಮೌಲ್ಯ ಒಳಗಿರುವಷ್ಟು ಕಾಲ ಬದಲಾಗದಂತೆ ಕಾಯುವ ಹೊಣೆ ನನ್ನದೇ ಆಗಿತ್ತು. ಸಮಯದ ಫೀಲ್ಡನ್ನು ಫೈನಲ್, ಅಂದರೆ ಬದಲಿಸಲಾಗದ್ದು, ಎಂದು ಘೋಷಿಸಿ, ಮುಂದೂಡುವಾಗ ಹಳೆಯ ಕೆಲಸವನ್ನು ತೆಗೆದು ಹೊಸ ಆಬ್ಜೆಕ್ಟ್ ಸೇರಿಸುವಂತೆ ಮಾಡಿದೆ.

ಸಂಜೆ ಉಳಿದದ್ದು ಸಂತೋಷದ ಕೆಲಸ. ಈ ಕ್ಷಣದವರೆಗಿನ ಕೆಲಸಗಳನ್ನೆಲ್ಲ ಟ್ರೀಸೆಟ್‌ನ ಹೆಡ್‌ಸೆಟ್ ಎಂಬ ಮೆಥಡ್ ಒಂದೇ ಕರೆಯಲ್ಲಿ ಕೊಡುತ್ತದೆ. ಅದು ನಕಲಲ್ಲ, ಮೂಲ ಸೆಟ್‌ನ ಮೇಲೆಯೇ ತೆರೆದ ಕಿಟಕಿಯಾದ್ದರಿಂದ, ಕೆಲಸಗಳನ್ನು ಚಾಲನೆಗೊಳಿಸಿದ ಮೇಲೆ ಆ ಕಿಟಕಿಯ ಮೇಲೆ ಕ್ಲಿಯರ್ ಕರೆದರೆ ಮೂಲದಿಂದಲೂ ಅವು ಹೋಗುತ್ತವೆ. ಗಡಿಯಾಗಿ ಕೊಡಲು ಈಗಿನ ಸಮಯವುಳ್ಳ ಒಂದು ತೋರಿಕೆಯ ಕೆಲಸವನ್ನು ಸೃಷ್ಟಿಸಬೇಕಾಯಿತು. ಹೆಡ್‌ಸೆಟ್ ಗಡಿಯನ್ನು ಹೊರಗಿಡುತ್ತದೆ. ಆದ್ದರಿಂದ ಇದೇ ಕ್ಷಣಕ್ಕೆ ನಿಗದಿಯಾದ ಕೆಲಸಗಳೂ ಒಳಗೆ ಬರಲೆಂದು ಆ ತೋರಿಕೆಯ ಕೆಲಸಕ್ಕೆ ಲಾಂಗ್ ಎಂಬ ಪೂರ್ಣಾಂಕ ಬಗೆಯ ಅತಿ ದೊಡ್ಡ ಮೌಲ್ಯವನ್ನೇ ಐಡಿಯಾಗಿ ಕೊಟ್ಟು, ಬೆಳಿಗ್ಗೆ ಕಾಣೆಯಾಗಿದ್ದ ಆ ಮೂರು ಕೆಲಸಗಳನ್ನೇ ಇಟ್ಟುಕೊಂಡು ಕೊನೆಯ ಟೆಸ್ಟ್ ಬರೆದೆ.